ಹೊಳೆ ದಾಟುವ ಕೆಲಸ ಉಗ್ರಾಣದಲ್ಲೇ ಶುರು

ಮಳೆಗಾಲ ಬಂತೆಂದರೆ ನನ್ನ ಮೊಬೈಲಿಗೆ ಒಂದೇ ಫೋಟೊ ನಾಲ್ಕು ಕಡೆಯಿಂದ ಬರುತ್ತದೆ. 2024ರ ಆಗಸ್ಟ್ 1ರ ಸಂಜೆ, ಗುಡ್ಡ ಕುಸಿದ ವಯನಾಡಿನ ಚೂರಲ್‌ಮಲ ಹೊಳೆಯ ಮೇಲೆ ನಿಂತ 190 ಅಡಿ ಉದ್ದದ ಬೈಲಿ ಸೇತುವೆ. ಫೋಟೊದ ಕೆಳಗಿನ ಒಕ್ಕಣೆಯೂ ಬದಲಾಗುವುದಿಲ್ಲ: ಮಿಲಿಟರಿಯವರು ಒಂದೇ ದಿನದಲ್ಲಿ ಕಟ್ಟಿದರು, ನಮ್ಮ ಪಿಡಬ್ಲ್ಯುಡಿಗೆ ಆರು ವರ್ಷ ಸಾಲುವುದಿಲ್ಲ. ಆ ಸೇತುವೆ ಕಟ್ಟಿದ್ದು ಸೈನ್ಯದ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಮದ್ರಾಸ್ ಸ್ಯಾಪರ್ಸ್. ನಾನೂ ಅದೇ ಮನೆತನದವನು. ಸ್ಯಾಪರ್ ಆಗಿ ಸೇರಿ, ಸುಬೇದಾರನಾಗಿ ನಿವೃತ್ತನಾಗಿ, ಈಗ ಚಿಕ್ಕೋಡಿ ತಾಲ್ಲೂಕಿನ ನಮ್ಮೂರಲ್ಲಿ ಕಬ್ಬು ನೋಡಿಕೊಂಡಿದ್ದೇನೆ. ಫೋಟೊ ಕಂಡರೆ ಎದೆ ಉಬ್ಬುವುದು ನಿಜ. ಒಕ್ಕಣೆ ಓದಿದರೆ ಮಾತ್ರ ಸಿಟ್ಟು ಬರುತ್ತದೆ.

ಚಹಾದಂಗಡಿಯಲ್ಲಿ ಪಕ್ಕದ ಮನೆಯ ಹುಡುಗ ಕೇಳಿಯೇ ಬಿಟ್ಟ. "ಕಾಕಾ, ಒಂದ್ ರಾತ್ರ್ಯಾಗ ಬ್ರಿಜ್ ನಿಲ್ಲಿಸ್ತೀರಿ ಅಂದ್ರ, ನಮ್ಮ ಹೊಳಿಗೂ ಒಂದು ಹಾಕಿಸ್ರಲಾ." ಅವನಿಗೆ ಹೇಳಿದೆ, "ಅದು ಒಂದ್ ರಾತ್ರಿ ಕೆಲಸ ಅಲ್ಲೋ ತಮ್ಮಾ. ಎಷ್ಟೋ ವರ್ಷದಿಂದ ಗ್ರೀಸ್ ಹಚ್ಚಿ, ಎಣಿಸಿ ಇಟ್ಟಿದ್ದನ್ನ ಅವತ್ತು ಒಯ್ದು ಜೋಡಿಸ್ಯಾರ, ಅಷ್ಟ." ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಹಾಗಾಗಿ ಇಲ್ಲಿ ಉದ್ದವಾಗಿ ಬರೆಯುತ್ತಿದ್ದೇನೆ.

ಬೈಲಿ ಸೇತುವೆಯನ್ನು 1940ರ ಹೊತ್ತಿಗೆ ರೂಪಿಸಿದವರು ಡೊನಾಲ್ಡ್ ಬೈಲಿ ಎಂಬ ಇಂಗ್ಲೆಂಡಿನ ಎಂಜಿನಿಯರ್. ಯುದ್ಧ ಇಲಾಖೆಯ ನಾಗರಿಕ ನೌಕರ, ಸಮವಸ್ತ್ರದ ಅಧಿಕಾರಿಯಲ್ಲ. ಅವರು ಹಾಕಿಕೊಂಡ ಕಟ್ಟಳೆಗಳು ಸರಳ. ಯಾವ ಭಾಗವೂ ಸಾಧಾರಣ ಮೂರು ಟನ್ನಿನ ಲಾರಿಯಲ್ಲಿ ಹಿಡಿಸಬೇಕು. ಮುಖ್ಯ ಭಾಗವನ್ನು ಆರು ಜನ ಎತ್ತುವಂತಿರಬೇಕು. ಕ್ರೇನ್ ಬೇಕಾಗಬಾರದು. ಆ ಮುಖ್ಯ ಭಾಗಕ್ಕೆ ಪ್ಯಾನೆಲ್ ಎನ್ನುತ್ತೇವೆ: ಹತ್ತು ಅಡಿ ಉದ್ದ, ಸುಮಾರು ಐದು ಅಡಿ ಎತ್ತರದ ಉಕ್ಕಿನ ಚೌಕಟ್ಟು, ತೂಕ 570 ಪೌಂಡ್, ಅಂದರೆ ಹತ್ತಿರ ಹತ್ತಿರ 260 ಕೆ.ಜಿ. ಒಂದು ಪ್ಯಾನೆಲ್‌ಗೆ ಇನ್ನೊಂದನ್ನು ತಾಗಿಸಿ ಪಿನ್ ಹೊಡೆದರೆ ಇಪ್ಪತ್ತು ಅಡಿ ಆಯಿತು. ಅಡ್ಡಕ್ಕೆ ಟ್ರಾನ್ಸಮ್ ಎಂಬ ತೊಲೆ, ಅದರ ಮೇಲೆ ಉದ್ದಕ್ಕೆ ಸ್ಟ್ರಿಂಜರ್, ಅದರ ಮೇಲೆ ಹಲಗೆ. ಉದ್ದ ಹೆಚ್ಚಿದರೆ ಅಥವಾ ಭಾರದ ವಾಹನ ಹೋಗಬೇಕಾದರೆ ಪ್ಯಾನೆಲ್‌ಗಳನ್ನು ಪಕ್ಕಪಕ್ಕದಲ್ಲಿ ಎರಡು ಮೂರು ಸಾಲು, ಒಂದರ ಮೇಲೊಂದು ಎರಡು ಮೂರು ಅಂತಸ್ತು ಕೂಡಿಸುತ್ತಾರೆ. ಚೂರಲ್‌ಮಲದ 190 ಅಡಿ ಎಂದರೆ ಹತ್ತು ಅಡಿಯ 19 ಅಂಕಣ. ಅದು ಹೊರುತ್ತಿದ್ದದ್ದು 24 ಟನ್.

ಇದನ್ನು ಹೊಳೆಯ ಮೇಲೆ ನಿಂತು ಕಟ್ಟುವುದಿಲ್ಲ ಎಂಬುದು ನೋಡದವರಿಗೆ ತಿಳಿಯದ ಸಂಗತಿ. ಈ ದಡದಲ್ಲಿ ನೆಲಕ್ಕೆ ರೋಲರ್ ಕೂರಿಸಿ, ಅದರ ಮೇಲೆ ಸೇತುವೆಯನ್ನು ಜೋಡಿಸುತ್ತ ಜೋಡಿಸುತ್ತ ಮುಂದಕ್ಕೆ ತಳ್ಳುವುದು. ಮುಂತುದಿಗೆ ಹಲಗೆ ಇಲ್ಲದ ಬೋಳು ಚೌಕಟ್ಟು ಇರುತ್ತದೆ, ಅದಕ್ಕೆ ನೋಸ್ ಎನ್ನುತ್ತಾರೆ. ಅದು ನೀರಿನ ಮೇಲೆ ಗಾಳಿಯಲ್ಲಿ ಚಾಚಿಕೊಂಡು ಹೋಗುವಾಗ ಒಟ್ಟು ಭಾರದ ನಡು ಯಾವಾಗಲೂ ರೋಲರಿನ ಹಿಂದೆಯೇ ಇರಬೇಕು. ಒಂದು ಅಂಕಣ ಲೆಕ್ಕ ತಪ್ಪಿದರೆ ಇಡೀ ಸೇತುವೆ ಮೂಗು ಮುಂದಾಗಿ ಹೊಳೆಗೆ ಬೀಳುತ್ತದೆ. ನೋಸ್ ಆ ದಡದ ರೋಲರ್ ಮುಟ್ಟಿತೆಂದರೆ ಅರ್ಧ ಜೀವ ಬಂದಂತೆ. ಆಮೇಲೆ ಅದನ್ನು ಬಿಚ್ಚಿ, ಜ್ಯಾಕ್ ಕೊಟ್ಟು ಸೇತುವೆಯನ್ನು ಇಳಿಸಿ, ಹಲಗೆ ಹಾಸಿ, ಎರಡೂ ಕಡೆ ಇಳಿಜಾರು ಕೂರಿಸುವುದು.

ಈಗ ಲಾರಿಗಳ ಮಾತು. ಸೇತುವೆ ಕಟ್ಟುವ ಜಾಗಕ್ಕೆ ಮೊದಲು ಬರಬೇಕಾದ್ದು ರೋಲರ್, ಅದರಡಿಯ ಬೇಸ್ ಪ್ಲೇಟ್, ಅಳತೆಯ ಸಾಮಾನು. ಆಮೇಲೆ ನೋಸಿನ ಪ್ಯಾನೆಲ್. ಹಲಗೆ ಕೊನೆಗೆ. ಹಲಗೆ ತುಂಬಿದ ಲಾರಿ ಮುಂದೆ ಬಂದು ಕಿರಿದಾದ ರಸ್ತೆಯಲ್ಲಿ ನಿಂತು, ರೋಲರಿನ ಲಾರಿ ಅದರ ಹಿಂದೆ ಸಿಕ್ಕಿಕೊಂಡರೆ, ದಡದಲ್ಲಿ ನೂರು ಜನ ಬಲಶಾಲಿಗಳಿದ್ದರೂ ಬೀಡಿ ಸೇದುತ್ತ ಕೂರಬೇಕು. ಪಿನ್ನಿನ ಪೆಟ್ಟಿಗೆ ಒಂದು ಹಿಂದುಳಿದರೂ ಅಷ್ಟೇ. ಪ್ಯಾನೆಲ್ ಇಲ್ಲವೆಂದು ಕೆಲಸ ನಿಂತದ್ದಕ್ಕಿಂತ ಸಣ್ಣ ಸಾಮಾನು ಸಿಗಲಿಲ್ಲವೆಂದು ನಿಂತದ್ದನ್ನೇ ನಾನು ಹೆಚ್ಚು ಕಂಡಿದ್ದೇನೆ. ವಯನಾಡಿಗೆ ಸಾಮಾನು ಬಂದದ್ದು ಬೆಂಗಳೂರಿನಿಂದ ಲಾರಿಗಳಲ್ಲಿ, ಇನ್ನಷ್ಟು ದೆಹಲಿಯಿಂದ ವಿಮಾನದಲ್ಲಿ ಕಣ್ಣೂರಿಗೆ, ಅಲ್ಲಿಂದ ಘಾಟಿನ ರಸ್ತೆಯಲ್ಲಿ. ಗುಡ್ಡ ಕುಸಿದದ್ದು ಜುಲೈ 30ರ ನಸುಕಿನಲ್ಲಿ, ಸೇತುವೆ ನಿಂತದ್ದು ಆಗಸ್ಟ್ 1ರ ಸಂಜೆ. ಮೇಜರ್ ಸೀತಾ ಶೇಲ್ಕೆ ಮತ್ತು ಅವರ ಜವಾನರು ಮಳೆಯಲ್ಲಿ ನಿದ್ದೆಗೆಟ್ಟು ದುಡಿದದ್ದಕ್ಕೆ ನನ್ನ ಸೆಲ್ಯೂಟ್. ಆದರೆ ಬೆಂಗಳೂರಿನಲ್ಲಿ ಯಾವ ಪೆಟ್ಟಿಗೆ ಯಾವ ಲಾರಿಗೆ ಎಂದು ಆ ರಾತ್ರಿ ಬರೆದುಕೊಟ್ಟವನೊಬ್ಬ ಇದ್ದೇ ಇರುತ್ತಾನೆ. ಅವನ ಫೋಟೊ ಯಾರೂ ಹಂಚಲಿಲ್ಲ.

ಯುದ್ಧದ ಚರಿತ್ರೆಯಲ್ಲೂ ಹೀಗೇ. ದಡದಲ್ಲಿ ನಡೆದದ್ದನ್ನು ಬರೆಯುತ್ತಾರೆ, ದಡಕ್ಕೆ ಬಂದದ್ದು ಹೇಗೆಂದು ಬರೆಯುವುದಿಲ್ಲ. ನೆಪೋಲಿಯನ್ ಮಾಸ್ಕೋದಿಂದ ಹಿಂದಿರುಗುವಾಗ 1812ರ ನವೆಂಬರಿನಲ್ಲಿ ಬೆರೆಜಿನಾ ನದಿ ದಾಟಿದ ಕತೆ ಗೊತ್ತಿರಬಹುದು. ಅದಕ್ಕೆ ಕೆಲವೇ ದಿನ ಮೊದಲು ಓರ್ಶಾ ಎಂಬಲ್ಲಿ, ಕುದುರೆಗಳು ಸಾಲದೆಂದು, ತನ್ನ ದೋಣಿಸೇತುವೆಯ ಸಾಮಾನನ್ನೆಲ್ಲ ಸುಡಿಸಿದವನು ಅದೇ ನೆಪೋಲಿಯನ್. ಸೇತುವೆ ಪಡೆಯ ಜನರಲ್ ಎಬ್ಲೆ ಹಟ ಹಿಡಿದು ಒಂದಿಷ್ಟು ಉಳಿಸಿಕೊಂಡ: ಕುಲುಮೆ, ಇದ್ದಿಲು, ಸಲಕರಣೆಗಳ ಕೆಲವು ಗಾಡಿ. ಮುಂದೆ ಸ್ಟುಡಿಯಾಂಕಾ ಹಳ್ಳಿಯ ಮನೆಗಳನ್ನು ಕೆಡವಿ ಮರ ತೆಗೆದು, ಆ ಕುಲುಮೆಯಲ್ಲಿ ಕಬ್ಬಿಣದ ಕೊಂಡಿ ಬಡಿದು, ಮಂಜುಗಡ್ಡೆ ತೇಲುವ ನೀರಿನಲ್ಲಿ ಎದೆಮಟ ನಿಂತು ಅವನ ಜನ ಎರಡು ಸೇತುವೆ ನಿಲ್ಲಿಸಿದರು. ನೀರಿಗಿಳಿದವರಲ್ಲಿ ಬದುಕಿ ಊರು ಸೇರಿದವರು ತೀರ ಕಡಿಮೆ. ಎಬ್ಲೆಯೂ ಆ ವರ್ಷದ ಕೊನೆಯ ದಿನ ತೀರಿಕೊಂಡ. ಚಕ್ರವರ್ತಿ ಪಾರಾದ. ಇದ್ದಿಲಿನ ಗಾಡಿಯನ್ನೂ ಸುಟ್ಟಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಿ.

ನಮಗೆ ಹತ್ತಿರದ ಕತೆ ಬರ್ಮಾದ್ದು. 1942ರ ಫೆಬ್ರುವರಿ 23ರ ನಸುಕಿನಲ್ಲಿ ಸಿತ್ತಾಂಗ್ ನದಿಯ ರೈಲು ಸೇತುವೆಯನ್ನು ಬ್ರಿಟಿಷರೇ ಸಿಡಿಸಿದರು, 17ನೇ ಭಾರತೀಯ ಡಿವಿಷನ್ನಿನ ಹೆಚ್ಚಿನ ಜನ ಇನ್ನೂ ಆಚೆ ದಡದಲ್ಲಿರುವಾಗಲೇ. ಜಪಾನೀಯರು ಸೇತುವೆ ಹಿಡಿದರೆ ರಂಗೂನಿನ ದಾರಿ ತೆರೆದಂತೆ ಎಂಬ ಭಯ. ಆಚೆ ಉಳಿದವರು ಬಂದೂಕು ಬಿಸಾಕಿ, ಬೊಂಬು ಕಟ್ಟಿಕೊಂಡು ಈಜಿದರು. ಸಿಡಿಸಿದ ತೀರ್ಮಾನದ ಸರಿತಪ್ಪು ಕುರಿತು ಪುಸ್ತಕಗಳೇ ಬಂದಿವೆ. ನನ್ನ ಕಣ್ಣು ಹೋಗುವುದು ಅದರ ಹಿಂದಿನ ರಾತ್ರಿಯ ಒಂದು ಸಣ್ಣ ಘಟನೆಗೆ. ರೈಲು ಹಳಿಯ ನಡುವೆ ಹಲಗೆ ಹಾಸಿ ವಾಹನ ಬಿಡುತ್ತಿದ್ದಾಗ ಒಂದು ಲಾರಿಯ ಚಕ್ರ ಜಾರಿ ಸಿಕ್ಕಿಕೊಂಡು ಗಂಟೆಗಟ್ಟಲೆ ದಾರಿ ಕಟ್ಟಿತು. ಇಡೀ ಡಿವಿಷನ್ ಒಂದು ಲಾರಿಯ ಹಿಂದೆ ನಿಂತಿತು. ಸೇತುವೆಗೆ ಒಬ್ಬ ಯಜಮಾನ ಬೇಕು. ಯಾವ ವಾಹನ ಯಾವಾಗ, ಎಷ್ಟು ಅಂತರದಲ್ಲಿ, ಕೆಟ್ಟರೆ ಎಳೆಯುವವರು ಯಾರು ಎಂದು ಹೇಳುವವ. ಕೆಟ್ಟ ಲಾರಿಯನ್ನು ಹೊಳೆಗೆ ತಳ್ಳುವ ಅಧಿಕಾರವೂ ಅವನಿಗಿರಬೇಕು. ಅದರೊಳಗೆ ಯಾರ ಸಾಹೇಬರ ಸಾಮಾನಿದ್ದರೂ ಸರಿ.

ಮೂರು ವರ್ಷದ ಮೇಲೆ ಅದೇ ಬರ್ಮಾಕ್ಕೆ ಜನರಲ್ ಸ್ಲಿಮ್ ಅವರ 14ನೇ ಸೇನೆ ಮರಳಿತು. ಹೆಸರು ಬ್ರಿಟಿಷರದ್ದು, ಜನ ಬಹುಪಾಲು ನಮ್ಮವರು. ಮದ್ರಾಸ್ ಸ್ಯಾಪರ್ಸ್ ಕಂಪನಿಗಳೂ ಇದ್ದವು. ರೈಲಿನಲ್ಲಿ ಬಂದ ಸಾಮಾನು ದಿಮಾಪುರದಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಕೊಹಿಮಾ, ಇಂಫಾಲ, ತಾಮು, ಮಲೇರಿಯಾದ ಕಬಾವ್ ಕಣಿವೆ, ಆಮೇಲೆ ಚಿಂದ್ವಿನ್ ನದಿ. ಆ ರಸ್ತೆಗಳಲ್ಲಿ ಅಸ್ಸಾಮಿನ ಚಹಾ ತೋಟಗಳ ಕೂಲಿಗಳ ಬೆವರಿದೆ. 1944ರ ಡಿಸೆಂಬರಿನಲ್ಲಿ ಕಲೇವಾದಲ್ಲಿ ಚಿಂದ್ವಿನ್ ಮೇಲೆ 1,154 ಅಡಿಯ ತೇಲು ಬೈಲಿ ಸೇತುವೆ ನಿಂತಿತು. ಆಗ ಜಗತ್ತಿನಲ್ಲೇ ಅತಿ ಉದ್ದದ್ದು. ಅದೇ ದಿನಗಳಲ್ಲಿ, ಡಿಸೆಂಬರ್ 10ರ ಬೆಳಗ್ಗೆ, ಸ್ಲಿಮ್‌ಗೆ ಸಾಮಾನು ಹೊರುತ್ತಿದ್ದ 75 ಡಕೋಟಾ ವಿಮಾನಗಳನ್ನು ಅಮೆರಿಕನ್ನರು ಚೀನಾದ ಕಡೆಗೆ ಒಯ್ದುಬಿಟ್ಟರು. ಇಂಫಾಲದ ಬಿಡಾರದಲ್ಲಿ ಎಂಜಿನ್ ಸದ್ದಿಗೇ ಎಚ್ಚರವಾಯಿತೆಂದು ಸ್ಲಿಮ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಯೋಜನೆಯ ಅರ್ಧ ಅನ್ನ ಆಕಾಶದಿಂದ ಬರಬೇಕಾಗಿತ್ತು. ಇನ್ನು ಮುಂದೆ ರಸ್ತೆ ಮತ್ತು ಹೊಳೆಯ ಮೇಲೆ ಇನ್ನಷ್ಟು ಭಾರ ಬಿತ್ತು.

ಮುಂದೆ ಇದ್ದದ್ದು ಐರಾವತಿ. ಅದನ್ನು ದಾಟುವ ಸಲಕರಣೆ ಯೂರೋಪಿನ ಸೇನೆಗಳಿಗೆ ಸಿಕ್ಕಂತೆ 14ನೇ ಸೇನೆಗೆ ಸಿಗಲಿಲ್ಲ. ಬರ್ಮಾ ಪಂಕ್ತಿಯ ಕೊನೆಯಲ್ಲಿ ಕೂತಿತ್ತು. ಮುಖ್ಯ ಎಂಜಿನಿಯರ್ ಹ್ಯಾಸ್ಟೆಡ್ ಕಲೇವಾದ ದಡದಲ್ಲೇ ದೋಣಿ ಕಟ್ಟುವ ಕಾರ್ಖಾನೆ ತೆರೆದರು. ಸುತ್ತಲ ಕಾಡಿನ ತೇಗವನ್ನು ಕಡಿದು, ಎಲಿಫೆಂಟ್ ಬಿಲ್ ಎಂದು ಹೆಸರಾದ ವಿಲಿಯಮ್ಸ್ ಅವರ ಆನೆಗಳಿಂದ ಎಳೆಸಿ, ವಿಮಾನದಲ್ಲಿ ತಂದ ಎಂಜಿನ್ ಕೂರಿಸಿ, ಐನೂರಕ್ಕೂ ಹೆಚ್ಚು ದೋಣಿ ಇಳಿಸಿದರು. ನೋಡಲು ಪೆಟ್ಟಿಗೆಯಂಥವು. ಮೂರನ್ನು ಸೇರಿಸಿ ಕಟ್ಟಿದರೆ ಶರ್ಮನ್ ಟ್ಯಾಂಕ್ ಹೊರುತ್ತಿದ್ದವು. ರಸ್ತೆಗೆ ಹಾಕಲು ಜಲ್ಲಿಯೂ ಇರಲಿಲ್ಲ, ತರಲು ಲಾರಿಯೂ ಇರಲಿಲ್ಲ. ಗೋಣಿಬಟ್ಟೆಯನ್ನು ಡಾಂಬರಿನಲ್ಲಿ ಅದ್ದಿ ಸುರುಳಿ ಮಾಡಿ ತಂದು, ಸಮ ಮಾಡಿದ ಮಣ್ಣಿನ ಮೇಲೆ ಚಾಪೆ ಹಾಸಿದ ಹಾಗೆ ನೂರು ಮೈಲಿಗೂ ಹೆಚ್ಚು ಹಾಸಿಬಿಟ್ಟರು. ಅದಕ್ಕೆ ಬಿಥೆಸ್ ಎಂದು ಹೆಸರು. ಅದರ ಮೇಲೆ ದಿನಕ್ಕೆ ಸಾವಿರ ವಾಹನ ಓಡಿದವು. ಆ ಸೇನೆಗೆ ಇಪ್ಪತ್ತು ಟ್ಯಾಂಕ್ ಹೆಚ್ಚಿಗೆ ಕೊಟ್ಟಿದ್ದರೂ ಆ ಗೋಣಿಯಷ್ಟು ಉಪಕಾರ ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

1945ರ ಫೆಬ್ರುವರಿ 14ರಂದು 7ನೇ ಭಾರತೀಯ ಡಿವಿಷನ್ ಬಗಾನ್ ಹತ್ತಿರ ನ್ಯಾವುಂಗುವಿನಲ್ಲಿ ಐರಾವತಿಗೆ ಇಳಿಯಿತು. ಅಲ್ಲಿ ನದಿ ಒಂದು ಮೈಲಿಗೂ ಮಿಕ್ಕಿ ಅಗಲ. ಮೊದಲ ತಂಡ ಕತ್ತಲಲ್ಲಿ ಹುಟ್ಟು ಹಾಕಿಕೊಂಡು ಸದ್ದಿಲ್ಲದೆ ದಾಟಿತು. ಹಿಂದೆ ಬಂದವರ ಕತೆಯೇ ಬೇರೆ. ದೂರದಿಂದ ಕುಲುಕಿ ಬಂದ ದೋಣಿಗಳು ಸೋರಿದವು, ಮೋಟಾರುಗಳು ಹತ್ತಲಿಲ್ಲ, ಹತ್ತಿದವು ನಡುನೀರಲ್ಲಿ ನಿಂತವು. ಬೆಳಕಾಯಿತು. ದಿಕ್ಕು ತಪ್ಪಿ ಕೆಳಕ್ಕೆ ತೇಲಿದ ದೋಣಿಗಳ ಮೇಲೆ ಆ ದಡದ ಮೆಷಿನ್‌ಗನ್ ಹರಿಯಿತು. ಅಂದು ಹೊತ್ತೇರಿದ ಮೇಲೆ ಪಂಜಾಬಿನ ಬೆಟಾಲಿಯನ್ ಒಂದು ದಾಟಿ ಕೆಲಸ ಉಳಿಸಿತು. ಇದೇ ದೋಣಿ, ಇದೇ ಮೋಟಾರು, ಮೂರು ವಾರದಲ್ಲಿ ಟ್ಯಾಂಕುಗಳನ್ನು ಜಪಾನೀಯರ ಸರಬರಾಜು ಕೇಂದ್ರವಾಗಿದ್ದ ಮೆಯ್ಕ್‌ಟಿಲಾದವರೆಗೆ ಮುಟ್ಟಿಸಿ ಬರ್ಮಾ ಯುದ್ಧವನ್ನೇ ತೀರ್ಮಾನ ಮಾಡಿದವು. ಆದರೂ ಆ ಬೆಳಗ್ಗೆ ಹತ್ತದ ಮೋಟಾರಿನ ಬಗ್ಗೆ ಓದುವಾಗಲೆಲ್ಲ ನನಗೆ ಹೊಟ್ಟೆ ತೊಳಸುತ್ತದೆ. ಅವನ್ನು ನೀರಿಗಿಳಿಸಿ, ಓಡಿಸಿ ನೋಡಲು ಸಮಯ ಸಾಕಷ್ಟು ಸಿಕ್ಕಿರಲಿಲ್ಲ. ದಾಟುವ ಜಾಗ ಗುಟ್ಟಾಗಿರಬೇಕಿತ್ತಲ್ಲ.

ಆ ದಡದಲ್ಲಿ ಇದ್ದವರು ಯಾರು ಎಂದು ಹೇಳದೆ ಮುಂದೆ ಹೋದರೆ ಅನ್ಯಾಯ. ನ್ಯಾವುಂಗು ಮತ್ತು ಬಗಾನ್ ಕಾಯುತ್ತಿದ್ದದ್ದು ನೇತಾಜಿಯ ಆಜಾದ್ ಹಿಂದ್ ಫೌಜಿನ ನೆಹರು ಬ್ರಿಗೇಡ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ಕೈಕೆಳಗೆ. ಮುಂದೆ ಕೆಂಪುಕೋಟೆಯ ವಿಚಾರಣೆಯಲ್ಲಿ ನಿಂತ ಅದೇ ಧಿಲ್ಲೋನ್. ದೋಣಿಯಲ್ಲೂ ನಮ್ಮವರು, ದಡದಲ್ಲೂ ನಮ್ಮವರು. ದಡದವರಿಗೆ ಫಿರಂಗಿ ಇಲ್ಲ, ವೈರ್‌ಲೆಸ್ ಇಲ್ಲ, ಮುಳ್ಳುತಂತಿ ಇಲ್ಲ, ಹೊಟ್ಟೆಗೂ ಸರಿಯಾಗಿಲ್ಲ. ಫೌಜಿನ ಸೋಲನ್ನು ಧೈರ್ಯದ ಅಳತೆಯಲ್ಲಿ ತೂಗುವವರನ್ನು ಕಂಡರೆ ನಾನು ಕೇಳುವುದಿಷ್ಟೇ: ಅವರ ಹಿಂದೆ ಎಷ್ಟು ಲಾರಿ ಇತ್ತು?

ನಾನು ಸೇರಿದಾಗ 1971ರ ಪಾಕಿಸ್ತಾನ ಯುದ್ಧ ಕಂಡ ಹವಾಲ್ದಾರರು ಇನ್ನೂ ನೌಕರಿಯಲ್ಲಿದ್ದರು. ಪಶ್ಚಿಮ ರಂಗದ ಬಸಂತರ್ ನದಿಯ ಮಾತು ಬಂದರೆ ಸಾಕು, ಅವರ ದನಿ ಏರುತ್ತಿತ್ತು. ಅಲ್ಲಿ ಹುತಾತ್ಮನಾದ ಅರುಣ್ ಖೇತ್ರಪಾಲನ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು, ಗೊತ್ತಿರಲೇಬೇಕು. ಅವನ ಟ್ಯಾಂಕುಗಳಿಗೆ ನೆಲಬಾಂಬಿನ ನಡುವೆ ದಾರಿ ಬಿಡಿಸಿದ್ದು ನಮ್ಮ 9 ಎಂಜಿನಿಯರ್ ರೆಜಿಮೆಂಟ್. ಆ ಕೆಲಸದಲ್ಲಿ ಸತ್ತ ಮೇಜರ್ ವಿಜಯ್ ರತ್ತನ್ ಚೌಧರಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಈ ಹೆಸರನ್ನು ನಮ್ಮ ಸೆಂಟರಿನ ಗೇಟಿನ ಹೊರಗೆ ಎಷ್ಟು ಜನ ಹೇಳಿಯಾರು?

ಅದೇ ಯುದ್ಧದಲ್ಲಿ, 71ರ ಡಿಸೆಂಬರಿನಲ್ಲಿ, ಪೂರ್ವದಲ್ಲಿ ಮೇಘನಾ ನದಿ ದಾಟಿದ್ದು ಇನ್ನೊಂದು ಬಗೆ. ಆಶುಗಂಜ್‌ನ ರೈಲು ಸೇತುವೆಯನ್ನು ಪಾಕಿಸ್ತಾನದವರು ಡಿಸೆಂಬರ್ 9ರಂದು ಸಿಡಿಸಿದರು. 4ನೇ ಕೋರಿನ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಸೇತುವೆಗಾಗಿ ಕಾಯಲಿಲ್ಲ. ಅಂದು ರಾತ್ರಿಯೇ ಎಂಐ-4 ಹೆಲಿಕಾಪ್ಟರುಗಳಲ್ಲಿ ಜವಾನರನ್ನು ಹೊಳೆಯಾಚೆ ರಾಯಪುರಕ್ಕೆ ಇಳಿಸತೊಡಗಿದರು. ಮಿಕ್ಕವರು ಊರವರ ನಾಡದೋಣಿಯಲ್ಲಿ ದಾಟಿದರು. ನೀರಿನಲ್ಲಿ ಈಜುವ ಪಿಟಿ-76 ಟ್ಯಾಂಕುಗಳು ಇದ್ದವು. ಆದರೆ ಅರ್ಧ ಗಂಟೆ ಈಜುವಷ್ಟರಲ್ಲಿ ಎಂಜಿನ್ ಕಾದು ಬಿಡುತ್ತಿತ್ತು, ಮೇಘನಾ ಅದಕ್ಕಿಂತ ಅಗಲ. ನಡುವೆ ನಿಂತದ್ದನ್ನು ದೋಣಿಗಳು ಎಳೆದವು. ರಷ್ಯಾದ ಟ್ಯಾಂಕನ್ನು ಬಂಗಾಳದ ಅಂಬಿಗ ಎಳೆದುಕೊಂಡು ಹೋದ! ಢಾಕಾ ಒಂದು ವಾರದಲ್ಲಿ ಶರಣಾಯಿತು.

ಇದನ್ನು ಹೇಳಿದರೆ ಕೆಲವು ಮಿತ್ರರು ವಾದಿಸುತ್ತಾರೆ: ನೋಡು, ಅಲ್ಲಿ ಸೇತುವೆಯೂ ಬೇಕಾಗಲಿಲ್ಲ, ನಿನ್ನ ಉಗ್ರಾಣವೂ ಬೇಕಾಗಲಿಲ್ಲ, ಗಂಡೆದೆ ಸಾಕಾಯಿತು. ಗಂಡೆದೆ ಇತ್ತು, ಒಪ್ಪಿದೆ. ಆದರೆ ಯುದ್ಧಕ್ಕೆ ತಿಂಗಳುಗಳ ಮೊದಲೇ ಧರ್ಮನಗರದ ರೈಲು ತುದಿಯಿಂದ ಒಂದೇ ಒಂದು ಇಕ್ಕಟ್ಟಿನ ಗುಡ್ಡದ ರಸ್ತೆಯಲ್ಲಿ ತ್ರಿಪುರಾದ ತೇಲಿಯಾಮುರಾಕ್ಕೆ ಅಕ್ಕಿ, ಎಣ್ಣೆ, ಗುಂಡು ಸಾಗಿಸಿ ರಾಶಿ ಹಾಕಿದ್ದರು. ಹೆಲಿಕಾಪ್ಟರಿಗೆ ಹಾಕಿದ ಇಂಧನ ಆಕಾಶದಿಂದ ಬಿದ್ದದ್ದಲ್ಲ. ಜೊತೆಗೆ ಆಚೆ ದಡದ ಜನ ನಮ್ಮ ಕಡೆಗಿದ್ದರು. ದೋಣಿ ಕೊಟ್ಟರು, ಹೊರೆ ಹೊತ್ತರು. ಯಾವ ಉಗ್ರಾಣದಲ್ಲೂ ಸಿಗದ ಸಾಮಾನು ಅದು. ಮುಂದಿನ ಯುದ್ಧದಲ್ಲೂ ಸಿಗುತ್ತದೆಂದು ನಂಬಿ ಕೂರುವ ಜನರಲ್ ನನಗೆ ಬೇಡ.

ಹೊಳೆ ದಾಟುವುದೆಂದರೆ ಮೊದಲ ಜವಾನ ಆ ದಡ ಮುಟ್ಟುವುದಲ್ಲ. ಅವನಿಗೆ ನಾಳೆ, ನಾಡಿದ್ದು, ಹದಿನೈದು ದಿನ ಬಿಟ್ಟು ಎಷ್ಟು ಟನ್ ದಾಟುತ್ತದೆ ಎಂಬುದು ಲೆಕ್ಕ. 2022ರಲ್ಲಿ ರಷ್ಯನ್ನರು ಉಕ್ರೇನಿನ ಖೆರ್ಸಾನ್ ನಗರವನ್ನು ಹಿಡಿದು ಕೂತಿದ್ದರು, ದ್ನೀಪ್ರೊ ನದಿಯ ಪಶ್ಚಿಮ ದಡದಲ್ಲಿ. ಬೇಸಿಗೆಯಲ್ಲಿ ಉಕ್ರೇನಿನವರು ಆಂಟೋನಿವ್ಕಾ ಸೇತುವೆಗೆ ರಾಕೆಟ್ ಹೊಡೆಯತೊಡಗಿದರು. ಸೇತುವೆ ಪೂರ್ತಿ ಬೀಳಲಿಲ್ಲ, ತೂತು ಬಿತ್ತು, ಭಾರದ ಲಾರಿ ಹೋಗದಂತಾಯಿತು. ರಷ್ಯನ್ನರು ತೆಪ್ಪ, ಬಾರ್ಜು, ತೇಲುಸೇತುವೆ ಎಲ್ಲ ಹಾಕಿ ನೋಡಿದರು. ನವೆಂಬರ್ 11ರ ಹೊತ್ತಿಗೆ ನಗರ ಬಿಟ್ಟು ಆಚೆ ದಡಕ್ಕೆ ಹೋದರು. ಖೆರ್ಸಾನಿನ ಬೀದಿಗಳಲ್ಲಿ ಮನೆಮನೆ ಕಾಳಗ ನಡೆಯಲಿಲ್ಲ. ಅನ್ನ ದಾಟದ ಕಡೆ ಸೈನ್ಯ ನಿಲ್ಲಲಾರದು. ಅದೇ ವರ್ಷ ಮೇ ತಿಂಗಳಲ್ಲಿ ಬಿಲೋಹೋರಿವ್ಕಾ ಹತ್ತಿರ ಸಿವೆರ್‌ಸ್ಕಿ ದೊನೆಟ್ಸ್ ದಾಟಲು ಹೋದ ರಷ್ಯನ್ ಪಡೆ ದಡದಲ್ಲಿ ಗುಂಪುಗೂಡಿದಾಗಲೇ ಫಿರಂಗಿಗೆ ಸಿಕ್ಕಿ ಹತ್ತಾರು ವಾಹನ ಕಳೆದುಕೊಂಡಿತು. ಡ್ರೋನ್ ಹಾರುವ ಕಾಲದಲ್ಲಿ ದಡದಲ್ಲಿ ಸಾಲು ನಿಲ್ಲುವುದೇ ಸಾವು. ಹಾಗಾದರೆ ಸೇತುವೆ ಪಡೆಗಳ ಕಾಲ ಮುಗಿಯಿತೇ? ನನಗೆ ಹಾಗನ್ನಿಸುವುದಿಲ್ಲ. ಬೇಗ ಹಾಕಿ ಬೇಗ ಬಿಚ್ಚಬಲ್ಲ ಸೇತುವೆ, ಒಂದರ ಬದಲು ನಾಲ್ಕು ಕಡೆ, ಹೊಡೆದದ್ದರ ಜಾಗಕ್ಕೆ ಮತ್ತೊಂದು. ಅಂದರೆ ಬೇಕಾಗುವ ಸಾಮಾನು ಹೆಚ್ಚೇ ಹೊರತು ಕಡಿಮೆಯಲ್ಲ. ನಮ್ಮಲ್ಲಿ ಡಿಆರ್‌ಡಿಒ ರೂಪಿಸಿದ, ಬೆಂಗಳೂರಿನ ಬೆಮೆಲ್ ತಯಾರಿಸಿದ ಸರ್ವತ್ರ ಸೇತುವೆ ಇದೆ. ಲಾರಿಯ ಬೆನ್ನ ಮೇಲಿಂದಲೇ ಬಿಚ್ಚಿಕೊಳ್ಳುತ್ತದೆ, ಐದು ಲಾರಿ ಸೇರಿದರೆ 75 ಮೀಟರ್. ವಿಮಾನ, ಕ್ಷಿಪಣಿ ಬಂದಾಗ ಮುಖಪುಟ ತುಂಬಿಸುವ ನಮ್ಮ ಪತ್ರಿಕೆಗಳು ಈ ಸೇತುವೆಗೆ ಎಷ್ಟು ಸಾಲು ಕೊಟ್ಟವೋ ಓದುಗರೇ ನೆನಪಿಸಿಕೊಳ್ಳಲಿ.

ಇನ್ನು ನಮ್ಮೂರ ಹೊಳೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜಡಿದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ಏರುತ್ತವೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಭೋಜ–ಕಾರದಗಾ ಸೇತುವೆಗಳು ಮುಳುಗಿದವೆಂದು ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದೆ. ಇಲ್ಲಿ ಬೈಲಿ ಹಾಕಿ ಎನ್ನುವುದು ತಿಳಿಯದ ಮಾತು. ನೆರೆ ಬಂದಾಗ ನದಿ ದಡ ಬಿಟ್ಟು ಹೊಲಕ್ಕೆ ನುಗ್ಗುತ್ತದೆ, ಸೇತುವೆಗೆ ಹೋಗುವ ರಸ್ತೆಯೇ ನೀರಡಿ ಇರುತ್ತದೆ. ಎಲ್ಲಿಂದ ಎಲ್ಲಿಗೆ ತಳ್ಳುವುದು? ಇಲ್ಲಿ ಬೇಕಾದ್ದು ಎತ್ತರದ ಸೇತುವೆ ಮತ್ತು ಎತ್ತರದ ರಸ್ತೆ. ಅದಕ್ಕೆ ವರ್ಷಗಳು ಹಿಡಿಯುತ್ತವೆ, ಹಿಡಿಯಲಿ. ಐವತ್ತು ವರ್ಷ ನಿಲ್ಲಬೇಕಾದ್ದನ್ನು ಮಿಲಿಟರಿ ಸೇತುವೆಯ ವೇಗಕ್ಕೆ ಹೋಲಿಸಿ ಎಂಜಿನಿಯರನ್ನು ಬೈಯುವುದು ತಪ್ಪು. ಬೈಯಬೇಕಾದ ಕಾರಣಗಳು ಬೇರೆ ಸಾಕಷ್ಟಿವೆ.

ಮಲೆನಾಡು, ಕೊಡಗು, ಉತ್ತರ ಕನ್ನಡದ ಮಾತು ಬೇರೆ. ಅಲ್ಲಿ ಹಳ್ಳಗಳು ಕಿರಿದು, ದಡಗಳು ಗಟ್ಟಿ, ಒಂದು ಸೇತುವೆ ಹೋದರೆ ಹತ್ತು ಹಳ್ಳಿ ಕಡಿದುಹೋಗುತ್ತವೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಸೇತುವೆ ಗಂಗಾವಳಿಯಲ್ಲಿ ಕೊಚ್ಚಿಹೋದಾಗ ಆಚೆಯ ಜನ ಪಟ್ಟ ಪಾಡು ಆ ಕಡೆಯವರಿಗೆ ಗೊತ್ತಿದೆ. 2018ರ ಕೊಡಗು ಎಲ್ಲರಿಗೂ ನೆನಪಿದೆ. ಬೈಲಿಯಂಥ ಸೇತುವೆ ಹೇಳಿ ಮಾಡಿಸಿದ್ದು ಇಂಥ ಕಡೆಗಳಿಗೆ. ಸೈನ್ಯ ಬರುತ್ತದಲ್ಲ ಎಂದು ಕೈಕಟ್ಟಿ ಕೂರುವುದು ಸರಿಯಲ್ಲ. ಅದಕ್ಕೆ ಅದರದೇ ಗಡಿಗಳಿವೆ, ಹಿಮಾಲಯದ ಹೊಳೆಗಳಿವೆ. ಈ ಸಾಮಾನು ಮಿಲಿಟರಿ ಗುಟ್ಟೂ ಅಲ್ಲ. ಕೋಲ್ಕತ್ತಾದ ಗಾರ್ಡನ್ ರೀಚ್ ಹಡಗು ಕಾರ್ಖಾನೆ ಬೈಲಿ ಮಾದರಿಯ ಉಕ್ಕಿನ ಸೇತುವೆಗಳನ್ನು ತಯಾರಿಸಿ ಮಾರುತ್ತದೆ, ಗಡಿ ರಸ್ತೆ ಸಂಸ್ಥೆ ಇಂಥವನ್ನು ಪರ್ವತಗಳಲ್ಲಿ ಹಾಕುತ್ತಲೇ ಇದೆ.

ನನ್ನ ಬೇಡಿಕೆ ದೊಡ್ಡದಲ್ಲ. ಘಟ್ಟದ ಮೇಲೊಂದು, ಕೆಳಗೊಂದು, ಎರಡು ಕಡೆ ಉಗ್ರಾಣ. ಒಂದೊಂದರಲ್ಲೂ ನೂರೈವತ್ತು ಅಡಿಗೆ ಸಾಲುವ ಒಂದು ಸೆಟ್ಟು. ಲಾರಿ ಬಾಡಿಗೆಗೆ ಮುಂಚೆಯೇ ಕರಾರು, ಲಾರಿಯ ಸಾಲಿನ ಪಟ್ಟಿ ಗೋಡೆಗೆ ಅಂಟಿಸಿರಬೇಕು. ಜನಕ್ಕಾಗಿ ಹುಡುಕಬೇಕಾಗಿಲ್ಲ: ಸ್ಯಾಪರ್ಸ್‌ನಿಂದ ನಿವೃತ್ತರಾಗಿ ಬಂದವರು ಈ ರಾಜ್ಯದ ಬೇರೆ ಬೇರೆ ಜಿಲ್ಲೆಗಳಲ್ಲಿದ್ದಾರೆ, ಹಲವರು ಬ್ಯಾಂಕು, ಎಟಿಎಂ ಮುಂದೆ ಸ್ಟೂಲಿನ ಮೇಲೆ ಕೂತು ಕಾವಲು ಕಾಯುತ್ತಿದ್ದಾರೆ. ಅವರಲ್ಲಿ ಮೂವತ್ತು ಜನರನ್ನು ಕರೆದರೆ ಎರಡು ವಾರದಲ್ಲಿ ಊರ ಹುಡುಗರಿಗೆ ಪ್ಯಾನೆಲ್ ಎತ್ತುವುದು ಕಲಿಸುತ್ತಾರೆ. ಬೆನ್ನು ಬಗ್ಗಿಸದೆ ಮೊಣಕಾಲಿನಿಂದ ಎತ್ತುವುದನ್ನು ಮೊದಲ ದಿನವೇ.

ಇದಕ್ಕೆ ಬರುವ ಆಕ್ಷೇಪಣೆ ನನಗೆ ಗೊತ್ತು. ತುಕ್ಕು ಹಿಡಿಯುತ್ತದೆ, ಪಿನ್ನು ಗುಜರಿಗೆ ಹೋಗುತ್ತದೆ, ಐದು ವರ್ಷ ಉಪಯೋಗವಾಗದಿದ್ದರೆ ಆಡಿಟ್‌ನವರು ದಂಡದ ಖರ್ಚು ಎಂದು ಬರೆಯುತ್ತಾರೆ. ಉಗ್ರಾಣ ಕಾದವನಾಗಿ ಹೇಳುತ್ತೇನೆ, ಬರೆಯಲಿ. ಆ ಕಾಲಮ್ಮಿನ ಎದುರು ಸಹಿ ಹಾಕುವ ಧೈರ್ಯ ಇರುವ ಅಧಿಕಾರಿ ಬೇಕು. ಪಿನ್ನಿನ ಕಳವಿಗೆ ಬೀಗ ಸಾಲದು, ಲೆಕ್ಕ ಬೇಕು. ತಿಂಗಳಿಗೊಮ್ಮೆ ಎಣಿಕೆ, ಎಣಿಸಿದವನ ಹೆಸರು ಪುಸ್ತಕದಲ್ಲಿ. ತುಕ್ಕಿಗೆ ಗ್ರೀಸ್. ಪ್ರತಿ ವರ್ಷ ಮೇ ಕೊನೆಯ ವಾರ ಯಾವುದಾದರೂ ಒಣ ಹಳ್ಳದ ಮೇಲೆ ಇಡೀ ಸೆಟ್ಟನ್ನು ಜೋಡಿಸಿ, ಮರಳು ತುಂಬಿದ ಟಿಪ್ಪರ್ ಒಂದನ್ನು ದಾಟಿಸಿ, ಬಿಚ್ಚಿ, ಒರೆಸಿ, ರೋಲರಿನ ಲಾರಿ ಮುಂದಿರುವಂತೆ ಮತ್ತೆ ಹೊಂದಿಸಿಡಬೇಕು. ಟಿಪ್ಪರಿನ ಡೀಸೆಲ್ ಬಿಲ್ಲು ಯಾವ ಇಲಾಖೆ ಕೊಡಬೇಕು ಎಂಬ ಜಗಳವನ್ನು ಏಪ್ರಿಲ್‌ನಲ್ಲೇ ಮುಗಿಸಿಕೊಂಡರೆ ಸಾಕು.